ಮೋಟಾರ್ ಬೇರಿಂಗ್ ಪದೇ ಪದೇ ಹೋಗ್ತಿದೆಯಾ? ಬೇರಿಂಗ್ ಕೂರುವ ಜಾಗ ಅಳೆಸಿ ನೋಡಿ

ಭತ್ತದ ಕೊಯ್ಲು ಶುರುವಾದ್ರೆ ಗಂಗಾವತಿ, ಕಾರಟಗಿ ಕಡೆ ರೈಸ್ ಮಿಲ್‌ಗಳು ಹಗಲು ರಾತ್ರಿ ಓಡುತ್ತವೆ. ಮೋಟಾರ್ ರಿಪೇರಿ ಅಂಗಡಿಗಳಿಗೂ ಅದೇ ಸುಗ್ಗಿ. ಅಲ್ಲಿ ಕೇಳಿಬರೋ ಮಾತು ಹೆಚ್ಚಾಗಿ ಒಂದೇ: "ಹೋದ ತಿಂಗಳನ ಹೊಸಾ ಬೇರಿಂಗ್ ಹಾಕ್ಸೀನ್ರಿ, ಮತ್ತ ಸೌಂಡ್ ಬರಾಕತ್ತೇತಿ." ಉತ್ತರವೂ ಸಿದ್ಧ ಇರುತ್ತೆ: "ಡೂಪ್ಲಿಕೇಟ್ ಮಾಲ್ ಇರ್ಬೇಕ್ರಿ ಅಣ್ಣಾ, ಈ ಸಲ ಕಂಪನಿದ ಹಾಕೋಣು."

ನಕಲಿ ಬೇರಿಂಗ್ ಮಾರುಕಟ್ಟೆಯಲ್ಲಿ ಇರೋದು ನಿಜ. ಆದರೆ ಒಂದೇ ಮೋಟಾರ್, ಒಂದೇ ಬದಿಯ ಬೇರಿಂಗ್ ಮೂರನೇ ಸಲ ಹೋಯ್ತು ಅಂದ್ರೆ ಅನುಮಾನ ಬೇರಿಂಗ್ ಮೇಲೆ ಪಡೋದಲ್ಲ. ಅದು ಕೂರುವ ಜಾಗ, ಅಂದ್ರೆ ಶಾಫ್ಟ್ ಮೇಲಿನ ಸೀಟ್ ಮತ್ತು ಕವರ್‌ನ ಹೌಸಿಂಗ್, ಅಳತೆಯಲ್ಲಿ ಇದೆಯಾ ಅಂತ ನೋಡಬೇಕು. ಬೇರಿಂಗ್ ಖರ್ಚು ನೂರರ ಲೆಕ್ಕದ್ದು. ಅದು ಸವೆದು ರೋಟರ್ ಕೆಳಗೆ ಕೂತು ಸ್ಟೇಟರ್‌ಗೆ ಉಜ್ಜಿದರೆ ವೈಂಡಿಂಗ್ ಸುಡುತ್ತೆ, ಅದು ಸಾವಿರದ ಲೆಕ್ಕ. ಇಂಥ ಮೋಟಾರ್‌ಗಳಲ್ಲಿ ರೋಟರ್‌ಗೂ ಸ್ಟೇಟರ್‌ಗೂ ನಡುವೆ ಇರೋ ಗಾಳಿ ಸಂದು ಅರ್ಧ ಮಿಲಿಮೀಟರ್ ಆಸುಪಾಸಿನದು ಅಷ್ಟೇ. ಮಿಲ್ ನಿಂತು ಹೋಗೋ ದಿನಗಳ ನಷ್ಟ ಇದಕ್ಕೆ ಸೇರಿಲ್ಲ.

40 ಅಂದ್ರೆ ಸರಿಯಾಗಿ 40 ಅಲ್ಲ

ಉದಾಹರಣೆಗೆ 10 ಎಚ್‌ಪಿ, 1440 ಆರ್‌ಪಿಎಂ ಮೋಟಾರ್ ತಗೊಳ್ಳೋಣ. ಹಿಟ್ಟಿನ ಗಿರಣಿ, ಎಲಿವೇಟರ್, ಬ್ಲೋವರ್ ಎಲ್ಲ ಕಡೆ ಇದೇ ಸೈಜ್ ಸಿಗುತ್ತೆ. ಇದರಲ್ಲಿ ಸಾಮಾನ್ಯವಾಗಿ 6208 ಅಥವಾ 6308 ನಂಬರ್ ಬೇರಿಂಗ್ ಇರುತ್ತೆ. ಕೊನೆಯ ಎರಡು ಅಂಕಿ 08ನ್ನು ಐದರಿಂದ ಗುಣಿಸಿದರೆ ಒಳರಂಧ್ರದ ಅಳತೆ ಬರುತ್ತೆ, 40 ಮಿ.ಮೀ. 6308ರ ಹೊರ ವ್ಯಾಸ 90 ಮಿ.ಮೀ., ಅಗಲ 23.

ಈಗ ಶಾಫ್ಟ್ ಎಷ್ಟಿರಬೇಕು? ಬಹಳ ಜನ 40 ಅಂತಾರೆ. ಆದರೆ ಯಾವ ಲೇತ್‌ನಲ್ಲೂ, ಯಾವ ಟರ್ನರ್ ಕೈಯಲ್ಲೂ 40.000 ಅನ್ನೋ ಅಳತೆ ಪ್ರತಿ ಸಲ ಬರೋದಿಲ್ಲ. ಸ್ವಲ್ಪ ಹೆಚ್ಚೋ ಕಡಿಮೆಯೋ ಆಗೇ ಆಗುತ್ತೆ. ಎಷ್ಟು ಹೆಚ್ಚು ಕಡಿಮೆ ಆದರೆ ನಡೆಯುತ್ತೆ ಅಂತ ಮೊದಲೇ ಗೆರೆ ಎಳೆದಿಡೋದೇ ಟಾಲರೆನ್ಸ್. ಎರಡು ಭಾಗ ಒಂದರಲ್ಲಿ ಒಂದು ಕೂತಾಗ ಬಿಗಿ ಬರುತ್ತೋ ಸಡಿಲ ಬರುತ್ತೋ, ಅದು ಫಿಟ್.

ಇಲ್ಲಿ ಲೆಕ್ಕ ಮೈಕ್ರಾನ್‌ನಲ್ಲಿ. ಒಂದು ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ.

40 ಮಿ.ಮೀ. ಬೇರಿಂಗ್‌ನ ಒಳರಂಧ್ರವನ್ನು ಕಂಪನಿಯವರು 40.000ಕ್ಕಿಂತ ದೊಡ್ಡದಾಗಿ ಮಾಡೋದೇ ಇಲ್ಲ. 39.988ರಿಂದ 40.000ದ ಒಳಗೆ ಇಡ್ತಾರೆ. ಮೋಟಾರ್ ಶಾಫ್ಟ್‌ಗೆ ಸಾಮಾನ್ಯವಾಗಿ ಹೇಳೋ ಫಿಟ್ ಕೆ6. ಈ ಸೈಜ್‌ಗೆ ಅದರ ಅರ್ಥ 40.002ರಿಂದ 40.018. ಅಂದ್ರೆ ಶಾಫ್ಟ್ ಯಾವಾಗಲೂ ರಂಧ್ರಕ್ಕಿಂತ ದಪ್ಪ. ಕಡಿಮೆ ಅಂದ್ರೆ 2 ಮೈಕ್ರಾನ್, ಹೆಚ್ಚು ಅಂದ್ರೆ 30 ಮೈಕ್ರಾನ್ ಬಿಗಿ ಬರುತ್ತೆ.

ಅಕ್ಷರ, ಅಂಕಿ ನೋಡಿ ಗಾಬರಿ ಆಗಬೇಕಿಲ್ಲ. ಅಕ್ಷರ ಹೇಳೋದು ಅಳತೆಯ ಪಟ್ಟಿ ಎಲ್ಲಿ ಕೂತಿದೆ ಅಂತ, ಮೂಲ ಅಳತೆಗಿಂತ ಮೇಲೋ ಕೆಳಗೋ. ಅಂಕಿ ಹೇಳೋದು ಪಟ್ಟಿ ಎಷ್ಟು ಅಗಲ ಅಂತ. 40 ಮಿ.ಮೀ.ಗೆ 6 ಅಂದ್ರೆ 16 ಮೈಕ್ರಾನ್, 7 ಅಂದ್ರೆ 25 ಮೈಕ್ರಾನ್. ಇಂಗ್ಲಿಷ್‌ನ ಸಣ್ಣ ಅಕ್ಷರ ಬರೆದಿದ್ದರೆ ಶಾಫ್ಟ್‌ನದು, ದೊಡ್ಡ ಅಕ್ಷರ ಇದ್ದರೆ ರಂಧ್ರದ್ದು. ಐಎಸ್‌ಒ 286 ಅನ್ನೋ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಇದರ ಕೋಷ್ಟಕ ಇದೆ, ನಮ್ಮ ದೇಶದ ಐಎಸ್ 919ರಲ್ಲೂ ಇದೇ ಪದ್ಧತಿ. ಈ ಒಪ್ಪಂದ ಇರೋದ್ರಿಂದಲೇ ಎಲ್ಲೋ ತಯಾರಾದ ಬೇರಿಂಗ್ ಇನ್ನೆಲ್ಲೋ ತಯಾರಾದ ಮೋಟಾರ್‌ಗೆ ಉಜ್ಜದೆ, ಬಡಿಯದೆ ಕೂರುತ್ತೆ.

ಒಳಗೆ ಬಿಗಿ, ಹೊರಗೆ ಸಡಿಲ. ಯಾಕೆ?

ಈಗ ಕವರ್ ಕಡೆ ಬನ್ನಿ. 6308ರ ಹೊರ ವ್ಯಾಸ 89.985ರಿಂದ 90.000. ಕವರ್‌ನ ಹೌಸಿಂಗ್‌ಗೆ ಎಚ್7 ಹೇಳಿದ್ದರೆ 90.000ದಿಂದ 90.035. ಕೂಡಿಸಿ ನೋಡಿದರೆ ಇಲ್ಲಿ ಬಿಗಿಯೇ ಇಲ್ಲ. ಸೊನ್ನೆಯಿಂದ 50 ಮೈಕ್ರಾನ್‌ವರೆಗೆ ಸಡಿಲ. ಇದು ತಪ್ಪಲ್ಲ, ಬೇಕಂತಲೇ ಬಿಟ್ಟಿದ್ದು. ಸಣ್ಣ ಮೋಟಾರ್‌ಗಳಲ್ಲಿ ಇದಕ್ಕಿಂತ ಸ್ವಲ್ಪ ಬಿಗಿ ಬರೋ ಜೆ7 ಕೂಡ ಬಳಸ್ತಾರೆ, ಆದರೂ ಶಾಫ್ಟ್‌ನಷ್ಟು ಬಿಗಿ ಅಲ್ಲ.

ಕಾರಣ ಹೀಗೆ. ಬೆಲ್ಟ್ ಮೋಟಾರನ್ನು ಯಾವಾಗಲೂ ಒಂದೇ ದಿಕ್ಕಿಗೆ ಎಳೆಯುತ್ತೆ. ಹೊರಗಿನ ರಿಂಗ್ ನಿಂತೇ ಇರೋದ್ರಿಂದ ಆ ಭಾರವನ್ನು ಅದರ ಒಂದೇ ಭಾಗ ಹೊರುತ್ತೆ, ತಿರುಗೋ ಪ್ರಶ್ನೆ ಅಷ್ಟಾಗಿ ಬರಲ್ಲ. ಒಳಗಿನ ರಿಂಗ್ ಹಾಗಲ್ಲ. ಅದು ಶಾಫ್ಟ್ ಜೊತೆ ತಿರುಗುತ್ತೆ, ಪ್ರತಿ ಸುತ್ತಿನಲ್ಲೂ ಅದರ ಅಂಚಿನ ಪ್ರತಿಯೊಂದು ಭಾಗ ಭಾರದ ಕೆಳಗೆ ಹಾದು ಹೋಗುತ್ತೆ. ಅದು ಶಾಫ್ಟ್ ಮೇಲೆ ಸ್ವಲ್ಪ ಸಡಿಲ ಇದ್ದರೂ ತೆವಳೋಕೆ ಶುರು ಮಾಡುತ್ತೆ. ಬೆರಳಿಗೆ ಬಳೆ ಹಾಕ್ಕೊಂಡು ಬೆರಳು ಸುತ್ತಿಸಿ ನೋಡಿ. ಬೆರಳಿಗಿಂತ ಬಳೆಯ ಸುತ್ತಳತೆ ದೊಡ್ಡದು, ಹಾಗಾಗಿ ಪ್ರತಿ ಸುತ್ತಿಗೂ ಬಳೆ ಹಿಂದೆ ಬೀಳ್ತಾ ಹೋಗುತ್ತೆ. ಅದೇ ಆಟ ಇಲ್ಲೂ.

ಸಡಿಲ ಬರೇ 20 ಮೈಕ್ರಾನ್ ಇದೆ ಅನ್ಕೊಳ್ಳಿ. ಕೈಗೆ ಅದು ಗೊತ್ತೇ ಆಗಲ್ಲ, "ಚಲೋ ಕುಂತೈತಿ" ಅನ್ನಿಸುತ್ತೆ. ಸುತ್ತಳತೆಯ ವ್ಯತ್ಯಾಸ 0.02ನ್ನು 3.14ರಿಂದ ಗುಣಿಸಿದರೆ ಸುಮಾರು 0.063 ಮಿ.ಮೀ. ಒಂದು ಸುತ್ತಿಗೆ ಅಷ್ಟು ಹಿಂದೆ ಬಿದ್ದರೆ 1440 ಸುತ್ತಿಗೆ, ಅಂದ್ರೆ ಒಂದೇ ನಿಮಿಷದಲ್ಲಿ, 90 ಮಿ.ಮೀ. ಶಾಫ್ಟ್‌ನ ಸುತ್ತಳತೆ ಇರೋದೇ 126 ಮಿ.ಮೀ. ಹತ್ತಿರ. ದಿನಕ್ಕೆ 20 ಗಂಟೆ ಮಿಲ್ ಓಡಿದರೆ ಲೆಕ್ಕದ ಪ್ರಕಾರ ಒಳರಿಂಗ್ ಶಾಫ್ಟ್ ಮೇಲೆ 860 ಸುತ್ತು ಉಜ್ಜಿಕೊಂಡು ತಿರುಗಿರುತ್ತೆ, ಅದೂ ಗ್ರೀಸ್ ಇಲ್ಲದ ಜಾಗದಲ್ಲಿ, ಬೆಲ್ಟ್‌ನ ಎಳೆತದ ಕೆಳಗೆ. ಬೇರಿಂಗ್‌ನ ಉಕ್ಕು ಗಟ್ಟಿ, ಶಾಫ್ಟ್ ಮೆತ್ತಗೆ. ಸವೆಯೋದು ಶಾಫ್ಟ್. ಸವೆದಷ್ಟೂ ಸಡಿಲ ಹೆಚ್ಚು, ಸಡಿಲ ಹೆಚ್ಚಿದಷ್ಟೂ ತೆವಳೋದು ಹೆಚ್ಚು. ಹೊಸ ಬೇರಿಂಗ್ ಒಂದೇ ತಿಂಗಳಿಗೆ ಹೋಗೋ ಕಥೆ ಹೆಚ್ಚಾಗಿ ಇದೇ.

ಹಳೇ ಬೇರಿಂಗ್ ಎಸೀಬೇಡಿ

ಬಿಚ್ಚಿದ ಬೇರಿಂಗ್ ತಿಪ್ಪೆಗೆ ಹಾಕೋ ಮೊದಲು ಒಂದು ಸಲ ನೋಡಿ. ಒಳರಂಧ್ರ ಕನ್ನಡಿ ಹಾಗೆ ಹೊಳೀತಿದ್ದರೆ, ಗೀರು ಬಿದ್ದಿದ್ದರೆ, ಶಾಫ್ಟ್ ಮೇಲೆ ಕೆಂಪು-ಕಂದು ಪುಡಿ ಅಂಟಿದ್ದರೆ ರಿಂಗ್ ತೆವಳಿದೆ ಅಂತ ಅರ್ಥ. ಆ ಪುಡಿ ನೀರಿಂದ ಬಂದ ತುಕ್ಕಲ್ಲ, ಉಜ್ಜಿ ಉಜ್ಜಿ ಕಿತ್ತುಬಂದ ಕಬ್ಬಿಣ.

ಬೇರಿಂಗನ್ನು ಒಡೆದು ಒಳಗೆ ನೋಡಿದರೆ ಇನ್ನೊಂದು ಸಾಕ್ಷಿ ಸಿಗುತ್ತೆ. ಬೆಲ್ಟ್ ಮೋಟಾರ್‌ನಲ್ಲಿ ಗುಂಡುಗಳು ಓಡಿದ ಗುರುತು ಒಳರಿಂಗ್ ಮೇಲೆ ಪೂರ್ತಿ ಸುತ್ತ ಇರಬೇಕು, ಹೊರರಿಂಗ್ ಮೇಲೆ ಅರ್ಧ ಸುತ್ತಿಗಿಂತ ಕಡಿಮೆ ಇರಬೇಕು. ಎರಡರಲ್ಲೂ ಪೂರ್ತಿ ಸುತ್ತ ಗಾಢವಾಗಿ ಬಿದ್ದಿದ್ದರೆ ಬೇರಿಂಗ್ ಒಳಗೆ ಉಸಿರಾಡೋಕೂ ಜಾಗ ಇರಲಿಲ್ಲ ಅಂತ. ಆಗ ರೋಗ ಸಡಿಲದ್ದಲ್ಲ, ಅತಿ ಬಿಗಿಯದ್ದು.

ಅತಿ ಬಿಗಿ ಹೇಗಾಗುತ್ತೆ? 40 ಮಿ.ಮೀ. ಬೇರಿಂಗ್‌ನಲ್ಲಿ ಗುಂಡು ಮತ್ತು ರಿಂಗ್ ನಡುವೆ ಸಾಮಾನ್ಯ ದರ್ಜೆಯಲ್ಲಿ 6ರಿಂದ 20 ಮೈಕ್ರಾನ್ ಸಡಿಲ ಬಿಟ್ಟಿರ್ತಾರೆ. ದಪ್ಪ ಶಾಫ್ಟ್ ಮೇಲೆ ಒತ್ತಿ ಕೂರಿಸಿದಾಗ ಒಳರಿಂಗ್ ಹಿಗ್ಗುತ್ತೆ, ಬಿಗಿಯ ಬಹುಪಾಲು ಈ ಸಡಿಲವನ್ನೇ ತಿನ್ನುತ್ತೆ. ಮೇಲಿಂದ ರೋಟರ್ ಬಿಸಿಯಾಗಿ ಒಳರಿಂಗ್ ಇನ್ನಷ್ಟು ಹಿಗ್ಗುತ್ತೆ. ಅದಕ್ಕೇ ಮೋಟಾರ್‌ಗಳಿಗೆ ಬಹಳ ಸಲ ಸಿ3 ಬೇರಿಂಗ್ ಹಾಕಿರ್ತಾರೆ. ಅದರಲ್ಲಿ ಈ ಸಡಿಲ 15ರಿಂದ 33 ಮೈಕ್ರಾನ್. ಹಳೇ ಬೇರಿಂಗ್ ಮೇಲೆ ಸಿ3 ಅಂತ ಕೊರೆದಿದ್ದರೆ ಹೊಸದರಲ್ಲೂ ಅದನ್ನೇ ಕೇಳಿ. "ನಂಬರ್ ಒಂದಾ ಐತಲ್ರಿ" ಅಂತ ಬರೇ 6308 ಕೊಟ್ಟರೆ ಒಪ್ಪಬೇಡಿ.

ವರ್ನಿಯರ್‌ನಿಂದ ಆಗಲ್ಲ

ನಮ್ಮ ಕಡೆ ಕೆಲಸ ಕೆಡೋದು ಹೆಚ್ಚಾಗಿ ಅಳತೆಯಲ್ಲಿ. ಎಷ್ಟೋ ಲೇತ್ ಅಂಗಡಿಗಳಲ್ಲಿ ವರ್ನಿಯರ್ ಹಿಡಿದೇ ಬೇರಿಂಗ್ ಸೀಟ್ ಅಳೀತಾರೆ. ಸಾಮಾನ್ಯ ವರ್ನಿಯರ್‌ನ ಅತಿ ಸಣ್ಣ ಗೆರೆ 0.02 ಮಿ.ಮೀ., ಅಂದ್ರೆ 20 ಮೈಕ್ರಾನ್. ಕೆ6ರ ಪೂರ್ತಿ ಪಟ್ಟಿಯೇ 16 ಮೈಕ್ರಾನ್. ಅಳತೆಗೋಲಿನ ಒಂದು ಗೆರೆಗಿಂತ ಅಳೆಯೋ ವಸ್ತು ಸಣ್ಣದು! ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಬಂಗಾರ ತೂಗಿದ ಹಾಗೆ. ಡಿಜಿಟಲ್ ವರ್ನಿಯರ್‌ನಲ್ಲಿ 0.01 ತೋರಿಸುತ್ತೆ ಅಂತ ನಂಬೋದೂ ಬೇಡ, ತೋರಿಸೋದು ಬೇರೆ, ಅಷ್ಟು ಖಚಿತ ಇರೋದು ಬೇರೆ. ಇದಕ್ಕೆ ಬೇಕಾದ್ದು 25-50ರ ಮೈಕ್ರೋಮೀಟರ್, ಅದರಲ್ಲೂ ಒಂದು ಮೈಕ್ರಾನ್‌ವರೆಗೆ ಓದಬಹುದಾದದ್ದು. ಹೌಸಿಂಗ್‌ಗೆ ಡಯಲ್ ಇರೋ ಬೋರ್ ಗೇಜ್. ಒಂದೇ ಜಾಗದಲ್ಲಿ ಅಳೆದು ಬಿಡೋದಲ್ಲ, ಸೀಟ್‌ನ ಎರಡೂ ತುದಿಯಲ್ಲಿ, ಸುತ್ತ ತಿರುಗಿಸಿ ಮೂರು ಕಡೆ. ಸವೆದ ಸೀಟ್ ಗುಂಡಗಿರೋದು ಅಪರೂಪ.

ಇನ್ನೊಂದು ತಪ್ಪು ಒಳ್ಳೇ ಟರ್ನರ್‌ಗಳೂ ಮಾಡ್ತಾರೆ. ಲೇತ್‌ನಲ್ಲಿ ಕಟಿಂಗ್ ಮುಗಿದ ಕೂಡಲೇ, ಶಾಫ್ಟ್ ಇನ್ನೂ ಬಿಸಿ ಇರುವಾಗಲೇ ಅಳೀತಾರೆ. ಉಕ್ಕು ಒಂದು ಡಿಗ್ರಿಗೆ ಮೀಟರ್‌ಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತೆ. 40 ಮಿ.ಮೀ. ಶಾಫ್ಟ್ 60 ಡಿಗ್ರಿ ಇದ್ದು ಆಮೇಲೆ 30ಕ್ಕೆ ಇಳಿದರೆ 14 ಮೈಕ್ರಾನ್ ಕುಗ್ಗುತ್ತೆ. ಬಿಸಿಯಲ್ಲಿ 40.010 ಇದ್ದದ್ದು ತಣ್ಣಗಾದ ಮೇಲೆ 39.996. ಲೇತ್ ಮೇಲೆ ಪಾಸ್, ಮೋಟಾರ್‌ನಲ್ಲಿ ಫೇಲ್. ಟರ್ನರ್‌ಗೂ ತಿಳಿಯಲ್ಲ, ಗಿರಾಕಿಗೂ ತಿಳಿಯಲ್ಲ.

ಕಾಗದದ ಮೇಲಿನ ಎಲ್ಲ ಅಳತೆ 20 ಡಿಗ್ರಿಗೆ ಹೇಳಿದ್ದು. ಏಪ್ರಿಲ್ ತಿಂಗಳಲ್ಲಿ ನಮ್ಮ ಅಂಗಡಿಗಳಲ್ಲಿ ಆ ಬಿಸಿ ಕನಸಿನ ಮಾತು. ಆದರೆ ಶಾಫ್ಟ್, ಬೇರಿಂಗ್, ಮೈಕ್ರೋಮೀಟರ್ ಮೂರೂ ಒಂದೇ ಜಾಗದಲ್ಲಿ ಒಂದೆರಡು ಗಂಟೆ ಇದ್ದು ಒಂದೇ ಬಿಸಿಗೆ ಬಂದಿದ್ದರೆ ಈ ಕೆಲಸಕ್ಕೆ ಸಾಕು.

ಪಂಚ್ ಹೊಡೆಯೋದು, ತಗಡು ಸುತ್ತೋದು

ಸೀಟ್ ಸಡಿಲ ಅಂತ ಗೊತ್ತಾದಾಗ ಎಲ್ಲ ಕಡೆ ಮಾಡೋ ಮೊದಲ ಉಪಾಯ ಸೆಂಟರ್ ಪಂಚ್‌ನಿಂದ ಚುಕ್ಕಿ ಹೊಡೆಯೋದು. ಚುಕ್ಕಿಯ ಸುತ್ತ ಲೋಹ ಉಬ್ಬುತ್ತೆ, ಬೇರಿಂಗ್ ಬಿಗಿಯಾಗಿ ಹೋಗುತ್ತೆ. ಆದರೆ ಅದು ಕೂತಿರೋದು ಆ ನಾಲ್ಕಾರು ಉಬ್ಬಿನ ತುದಿ ಮೇಲೆ ಮಾತ್ರ. ಕೆಲವು ದಿನದಲ್ಲಿ ಉಬ್ಬು ಚಪ್ಪಟೆಯಾಗಿ ಮೊದಲಿನ ಸ್ಥಿತಿ. ತಗಡು ಸುತ್ತೋದೂ ಅಷ್ಟೇ, ಒಂದು ಕಡೆ ಜೋಡಣೆಯ ಗೆರೆ ಬಂದು ಶಾಫ್ಟ್ ಸೆಂಟರ್ ತಪ್ಪುತ್ತೆ. ಸುಗ್ಗಿಯಲ್ಲಿ ನಾಲ್ಕು ದಿನ ದಾಟಿಸೋಕೆ ಬೇರೆ ದಾರಿ ಇಲ್ಲದಾಗ ಮಾಡಿದರೆ ಬೈಯೋಕಾಗಲ್ಲ. ಅದನ್ನೇ ರಿಪೇರಿ ಅಂತ ಬಿಲ್ ಮಾಡಬಾರದು, ಅಷ್ಟೇ.

ಸಡಿಲ ಕೆಲವೇ ಮೈಕ್ರಾನ್ ಇದ್ದರೆ ಬೇರಿಂಗ್ ಹಿಡಿದಿಡೋ ಅಂಟು ಸಿಗುತ್ತೆ, ರಿಟೈನಿಂಗ್ ಕಾಂಪೌಂಡ್ ಅಂತಾರೆ. ಎಣ್ಣೆ ಜಿಡ್ಡು ಪೂರ್ತಿ ತೆಗೆದು ಹಚ್ಚಿದರೆ ಕೆಲಸ ಮಾಡುತ್ತೆ. ಹೆಚ್ಚು ಸವೆದಿದ್ದರೆ ಎರಡು ದಾರಿ: ವೆಲ್ಡಿಂಗ್ ತುಂಬಿ ಮತ್ತೆ ಟರ್ನ್ ಮಾಡೋದು, ಇಲ್ಲಾ ಸೀಟ್ ತೆಳ್ಳಗೆ ಮಾಡಿ ಸ್ಲೀವ್ ಹಾಕೋದು. ಎರಡರಲ್ಲೂ ಎಚ್ಚರ ಬೇಕು. ಶಾಫ್ಟ್‌ಗೆ ಬಳಸೋ ಇಎನ್8 ಥರದ ಉಕ್ಕಿಗೆ ತಣ್ಣಗಿರುವಾಗಲೇ ವೆಲ್ಡ್ ಹಾಕಿ ಮೇಲೆ ನೀರು ಸುರಿದರೆ ಆ ಜಾಗ ಗಡುಸಾಗಿ ಬಿರುಕು ಬಿಡುತ್ತೆ. ಮೊದಲು ಕಾಯಿಸಿ, ಆಮೇಲೆ ನಿಧಾನವಾಗಿ ಆರೋಕೆ ಬಿಡಬೇಕು. ಸ್ಲೀವ್‌ನ ಕಷ್ಟ ಬೇರೆ. 40ರ ಶಾಫ್ಟ್ 34ಕ್ಕೆ ಇಳಿಸಿದರೆ ಬಾಗೋದನ್ನು ತಡೆಯೋ ಶಕ್ತಿ ಹೆಚ್ಚು ಕಡಿಮೆ 40% ಹೋಗುತ್ತೆ, ಯಾಕಂದ್ರೆ ಅದು ವ್ಯಾಸದ ಘನದ ಮೇಲೆ ನಿಂತಿದೆ. ಫ್ಯಾನ್ ಬದಿಗೆ ಸ್ಲೀವ್ ನಡೆಯಬಹುದು. ಪುಲ್ಲಿ ಬದಿಗೆ, ಬೆಲ್ಟ್ ಎಳೆಯೋ ಕಡೆಗೆ, ನನ್ನ ಕೇಳಿದರೆ ಬೇಡ. ಅಲ್ಲಿ ಹೊಸ ಶಾಫ್ಟ್ ಹಾಕಿಸೋದೇ ಒಳ್ಳೇದು.

ಯಾವ ದಾರಿಯಾದರೂ ಎರಡೂ ಸೀಟ್ ಮತ್ತು ರೋಟರ್ ಒಂದೇ ಸೆಂಟರ್‌ನಲ್ಲಿ ಇವೆಯಾ ಅಂತ ಡಯಲ್ ಇಟ್ಟು ನೋಡಬೇಕು. ಅಳತೆ ಸರಿ ಇದ್ದು ಸೆಂಟರ್ ತಪ್ಪಿದರೆ ಬೇರೆ ರೀತಿಯ ತಲೆನೋವು.

ಕವರ್ ಬಿಗಿ ಮಾಡಬೇಡಿ

ಶಾಫ್ಟ್‌ಗೆ ಪಂಚ್ ಹೊಡೆದವರು ಕವರ್‌ಗೂ ಹೊಡೀತಾರೆ. "ಬೆರಳಲ್ಲೇ ಹೋಗ್ತೈತ್ರಿ, ಲೂಸ್ ಐತಿ" ಅಂತ. ಮೇಲೆ ನೋಡಿದ ಹಾಗೆ ಎಚ್7 ಹೌಸಿಂಗ್‌ನಲ್ಲಿ ಬೇರಿಂಗ್ ಬೆರಳಲ್ಲಿ ಒತ್ತಿದರೆ ಹೋಗೋದೇ ಸರಿ. ಮೋಟಾರ್ ಓಡುವಾಗ ಬಾಡಿಗಿಂತ ರೋಟರ್ ಹೆಚ್ಚು ಬಿಸಿ ಇರುತ್ತೆ. ಎರಡು ಬೇರಿಂಗ್ ನಡುವೆ 300 ಮಿ.ಮೀ. ಇದ್ದು ಬಿಸಿಯ ವ್ಯತ್ಯಾಸ 30 ಡಿಗ್ರಿ ಆದರೆ ಶಾಫ್ಟ್ ಬಾಡಿಗಿಂತ 0.1 ಮಿ.ಮೀ. ಹೆಚ್ಚು ಉದ್ದ ಆಗುತ್ತೆ. ಒಂದು ಬದಿಯ ಬೇರಿಂಗ್ ಹೌಸಿಂಗ್‌ನಲ್ಲಿ ಸ್ವಲ್ಪ ಜಾರೋಕೆ ಸಾಧ್ಯ ಇದ್ದರೆ ತೊಂದರೆ ಇಲ್ಲ. ಎರಡೂ ಕಚ್ಚಿ ಹಿಡಿದಿದ್ದರೆ ಆ ಒತ್ತಡ ಪೂರ್ತಿ ಗುಂಡುಗಳ ಮೇಲೆ. ಎಷ್ಟೋ ಮೋಟಾರ್‌ನಲ್ಲಿ ಒಂದು ಬದಿಗೆ ಅಲೆ ಅಲೆಯಾಗಿ ಬಾಗಿದ ತೆಳು ವಾಷರ್ ಇರುತ್ತೆ, ಈ ಜಾರಾಟವನ್ನು ಹದದಲ್ಲಿ ಇಡೋದು ಅದೇ. ಬಿಚ್ಚುವಾಗ ಅದು ಕಳೆದುಹೋಗೋದು ಬಹಳ, ವಾಪಸ್ ಹಾಕಿದ್ರಾ ಅಂತ ಕೇಳಿ.

ಹಾಗಂತ ಹೌಸಿಂಗ್ ಸವೆಯೋದೇ ಇಲ್ಲ ಅಂತಲ್ಲ. ಬೋರ್ ಗೇಜ್‌ನಲ್ಲಿ 90.035 ದಾಟಿ ಸಾಕಷ್ಟು ದೂರ ಹೋಗಿದ್ದರೆ, ಬೇರಿಂಗ್ ಹೊರಮೈ ಮೇಲೂ ತಿರುಗಿದ ಗೀರು ಇದ್ದರೆ ಬೋರ್ ಮಾಡಿ ಬುಷ್ ಹಾಕಿಸಬೇಕು. ಆ ಬೋರಿಂಗ್ ಕವರ್‌ನ ಅಂಚು ಬಾಡಿಯಲ್ಲಿ ಕೂರೋ ಮೆಟ್ಟಿಲಿಗೆ ಸೆಂಟರ್ ಹಿಡಿದೇ ಆಗಬೇಕು.

ಇದಕ್ಕೆ ಪೂರ್ತಿ ಉಲ್ಟಾ ಇರೋ ಯಂತ್ರವೂ ಮಿಲ್‌ನಲ್ಲೇ ಇದೆ. ಶಾಫ್ಟ್‌ಗೆ ತೂಕ ಕಟ್ಟಿ ನಡುಗಿಸೋ ಜರಡಿಯಲ್ಲಿ ಭಾರ ಶಾಫ್ಟ್ ಜೊತೆಗೇ ಸುತ್ತುತ್ತೆ. ಅಲ್ಲಿ ತೆವಳೋದು ಹೊರರಿಂಗ್. ಹಾಗಾಗಿ ಹೌಸಿಂಗ್ ಬಿಗಿ, ಶಾಫ್ಟ್ ಸಡಿಲ ಇಡ್ತಾರೆ. ಮೋಟಾರ್‌ನ ಅಭ್ಯಾಸದಲ್ಲಿ ಜರಡಿ ಹೌಸಿಂಗನ್ನು ಸಡಿಲ ಬೋರ್ ಮಾಡಿದರೆ ಬೇಗ ಹಾಳು. ಇನ್ನು ಎಲಿವೇಟರ್, ಕನ್ವೇಯರ್‌ನ ಯುಸಿಪಿ ಬ್ಲಾಕ್‌ಗಳು ಬೇರೆ ಜಾತಿ. ಅವಕ್ಕೆ ಮಾಮೂಲಿ ಬ್ರೈಟ್ ಬಾರ್ ನಡೆಯುತ್ತೆ, ಬೇರಿಂಗ್ ಸಡಿಲವಾಗೇ ಜಾರಿ ಕೂರುತ್ತೆ, ಹಿಡಿದಿಡೋದು ಗ್ರಬ್ ಸ್ಕ್ರೂ. ಅಲ್ಲಿ ಕೆ6 ಕೇಳೋದು ದುಡ್ಡು ದಂಡ.

ಕೂರಿಸುವಾಗ

ಸೀಟ್ ಸರಿ ಮಾಡಿಸಿ ಸುತ್ತಿಗೆಯಿಂದ ಹೊರರಿಂಗ್ ಮೇಲೆ ಬಡಿದರೆ ಎಲ್ಲ ವ್ಯರ್ಥ. ಏಟು ಗುಂಡುಗಳ ಮೂಲಕ ಹಾದು ಓಡೋ ದಾರಿಯಲ್ಲಿ ಕುಳಿ ಬೀಳುತ್ತೆ, ಮೊದಲ ದಿನದಿಂದಲೇ ಸದ್ದು. ಬೇರಿಂಗನ್ನು 110 ಡಿಗ್ರಿವರೆಗೆ ಕಾಯಿಸಿದರೆ, ಅಂಗಡಿಯ ಬಿಸಿ 30 ಅಂತ ಹಿಡಿದರೂ, ಒಳರಂಧ್ರ 38 ಮೈಕ್ರಾನ್ ಹಿಗ್ಗುತ್ತೆ. ಕೆ6ರ ಗರಿಷ್ಠ ಬಿಗಿ 30 ಮೈಕ್ರಾನ್ ಆಗಿರೋದ್ರಿಂದ ಬಡಿಯೋ ಕೆಲಸವೇ ಇಲ್ಲ, ತಾನಾಗೇ ಜಾರಿ ಕೂರುತ್ತೆ. ಇಂಡಕ್ಷನ್ ಹೀಟರ್ ಇದ್ದರೆ ಒಳ್ಳೇದು, ಇಲ್ಲದಿದ್ದರೆ ಶುದ್ಧ ಎಣ್ಣೆಯ ಪಾತ್ರೆ, ಬೇರಿಂಗ್ ತಳಕ್ಕೆ ತಾಗದಂತೆ. ಎರಡೂ ಬದಿ ರಬ್ಬರ್ ಅಥವಾ ತಗಡಿನ ಮುಚ್ಚಳ ಇರೋ ಬೇರಿಂಗನ್ನು ಎಣ್ಣೆಯಲ್ಲಿ ಮುಳುಗಿಸಬಾರದು, ಒಳಗಿನ ಗ್ರೀಸ್ ಕೆಡುತ್ತೆ. ಗ್ಯಾಸ್ ಟಾರ್ಚ್ ಬೇಡವೇ ಬೇಡ, ಎಲ್ಲಿ 100, ಎಲ್ಲಿ 300 ಅಂತ ಗೊತ್ತಾಗಲ್ಲ.

ಲೇತ್‌ಗೆ ಶಾಫ್ಟ್ ಕೊಡುವಾಗ ಬಾಯಿಮಾತಲ್ಲಿ "40ಕ್ಕ ಮಾಡಿ ಕೊಡ್ರಿ" ಅನ್ನಬೇಡಿ. ಚೀಟಿಯಲ್ಲಿ 40.002ರಿಂದ 40.018 ಅಂತ ಬರೆದುಕೊಡಿ, ಹೊಸ ಬೇರಿಂಗನ್ನೂ ಜೊತೆಗೆ ಕೊಡಿ. ವಾಪಸ್ ತರೋಕೆ ಮರುದಿನ ಬೆಳಿಗ್ಗೆ ಹೋಗಿ, ಶಾಫ್ಟ್ ತಣ್ಣಗಿರುವಾಗ ನಿಮ್ಮ ಮುಂದೆಯೇ ಮೈಕ್ರೋಮೀಟರ್ ಹಾಕಿಸಿ, ಬಂದ ಅಳತೆಯನ್ನು ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ.